ಎಫ್‌1 ಒತ್ತಿ ಮುಂದೆ ಹೋಗೋದನ್ನ ನಿಲ್ಲಿಸಿ

1/10

ಫೋಟೋ ಝೂಮ್ ಮಾಡಿ ನೋಡಿ ದೋಸ್ತರೆ. ಕಪ್ಪು ಸ್ಕ್ರೀನ್, ಬಿಳಿ ಅಕ್ಷರ: "ಸಿಪಿಯು ಫ್ಯಾನ್ ಎರರ್. ಪ್ರೆಸ್ ಎಫ್‌1." ಫೆಬ್ರವರಿಯಲ್ಲಿ ತೆಗೆದ ಫೋಟೋ, ನಮ್ಮ ಲ್ಯಾಬಿನ 14ನೇ ನಂಬರ್ ಸಿಸ್ಟಮ್. ನನ್ನ ಕ್ಲಾಸಿನವರಿಗೆ ಇದರ ಪರಿಚಯ ಮಾಡಿಸೋದೇ ಬೇಡ. ದಿನಾ ಬೆಳಗ್ಗೆ ಇದು ಹೀಗೇ ನಮ್ಮನ್ನ ಮಾತಾಡಿಸ್ತಿತ್ತು, ನಾವು ದಿನಾ ಎಫ್‌1 ಒತ್ತಿ ಟ್ಯಾಲಿ ಓಪನ್ ಮಾಡ್ತಿದ್ವಿ.

ಆ ಸಾಲಿನ ಅರ್ಥ ಇಷ್ಟೇ: "ನನ್ನ ಪ್ರೊಸೆಸರ್ ಮೇಲಿನ ಫ್ಯಾನ್ ತಿರುಗ್ತಿಲ್ಲ. ಗೊತ್ತಿದ್ದೂ ಮುಂದೆ ಹೋಗ್ತೀನಿ ಅಂತಿದ್ರೆ ಎಫ್‌1 ಒತ್ತು." ಒಂದು ಮಷೀನು ಇದಕ್ಕಿಂತ ಸ್ಪಷ್ಟವಾಗಿ ಇನ್ನೇನು ಹೇಳ್ಬೇಕು?

ಏಪ್ರಿಲ್‌ನಲ್ಲಿ ಅದು ನಿಂತೇ ಹೋಯ್ತು. ಅದರ ಹಿಂದೆ ಇನ್ನೂ ಐದು. ಈಗ ಆರಕ್ಕೂ "ಕಂಡಮ್" ಅಂತ ಚೀಟಿ ಅಂಟಿಸಿ ಲ್ಯಾಬಿನ ಮೂಲೆಯಲ್ಲಿ ಪೇರಿಸಿದ್ದಾರೆ. ನೋಟಿಸ್ ಬೋರ್ಡಲ್ಲಿ ಹೊಸ ನೋಟಿಸ್: ಲ್ಯಾಬ್ ಡೆವಲಪ್‌ಮೆಂಟ್‌ಗೆ ಪ್ರತಿಯೊಬ್ಬರೂ 500 ರೂಪಾಯಿ ಕಟ್ಟಬೇಕು, ಹಾಲ್ ಟಿಕೆಟ್ ತಗೊಳ್ಳೋ ಮುಂಚೆ.

ಆ ಆರರಲ್ಲಿ ಒಂದು ಸತ್ತಿಲ್ಲ. ನಾನೇ ಓಡಿಸಿ ನೋಡಿದ್ದೀನಿ. ಸತ್ತಿದ್ದು ಅದರ ಫ್ಯಾನ್. ಉಳಿದ ಐದನ್ನ ಇವತ್ತಿನವರೆಗೆ ಯಾರೂ ಬಿಚ್ಚಿ ನೋಡಿಲ್ಲ.

ಈ ಸರಣಿ ಅದರ ಬಗ್ಗೆ. ಹತ್ತು ಪೋಸ್ಟ್ ಇದೆ, ಒಂದೇ ಕ್ಯಾಪ್ಷನ್‌ನಲ್ಲಿ ಹಿಡಿಸಲ್ಲ. ಫ್ಯಾನ್ ಕೈಕೊಟ್ಟಾಗ ಏನು ಮಾಡ್ಬೇಕು, ಏನು ಮಾಡ್ಬಾರ್ದು ಅಂತ ಹೇಳ್ತೀನಿ. ಜೊತೆಗೆ ಜಗಳಾನೂ ಇದೆ. "ಬಿಕಾಂ ಹುಡುಗಿಗೆ ಇದೆಲ್ಲ ಯಾಕೆ" ಅನ್ನೋರು ಒಂಬತ್ತನೇ ಪೋಸ್ಟ್‌ವರೆಗೆ ತಡ್ಕೊಳ್ಳಿ.

2/10

ಮೊದಲು ನನ್ನ ತಪ್ಪು ಒಪ್ಕೋತೀನಿ. ಮೂರು ವಾರ ನಾನೇ ಆ ಎಫ್‌1 ಒತ್ತಿದ್ದೀನಿ. ಮೊದಲ ದಿನ ಲ್ಯಾಬ್ ಅಣ್ಣನಿಗೆ ಹೇಳ್ದೆ. "ಏನ್ ಆಗಂಗಿಲ್ಲ ಬಿಡಮ್ಮ, ಎಫ್‌1 ಹೊಡಿ, ನಡೀತದ" ಅಂದ್ರು. ನಡೀತು. ನಡೀತಲ್ಲ ಅಂತ ನಾನೂ ಸುಮ್ಮನಾದೆ.

ಮಾರ್ಚ್‌ನಲ್ಲಿ ಒಂದಿನ ಆ ಸಂದೇಶ ಬರೋದೇ ನಿಂತಿತು. ಸರಿ ಮಾಡಿದ್ರು ಅಂತ ಖುಷಿಪಟ್ವಿ. ಆಮೇಲೆ ಗೊತ್ತಾಯ್ತು, ಸರಿ ಮಾಡಿರ್ಲಿಲ್ಲ. ಬಯೋಸ್ ಸೆಟ್ಟಿಂಗ್‌ಗೆ ಹೋಗಿ ಫ್ಯಾನ್ ಸ್ಪೀಡ್ ನೋಡೋದನ್ನೇ "ಇಗ್ನೋರ್" ಅಂತ ಇಟ್ಟಿದ್ರು. ಕೋಳಿ ಬಾಯಿ ಕಟ್ಟಿದ್ರೆ ಬೆಳಗಾಗೋದು ನಿಲ್ಲುತ್ತಾ?

ಏಪ್ರಿಲ್ ಎರಡನೇ ವಾರ. ರಾಯಚೂರಿನ ಬಿಸಿಲು ನಿಮಗೆ ಹೇಳ್ಬೇಕಾಗಿಲ್ಲ, ಹೊರಗೆ 41. ಲ್ಯಾಬಲ್ಲಿ ಕಿಟಕಿ ಮುಚ್ಚಿತ್ತು, ಧೂಳು ಬರುತ್ತೆ ಅಂತ. ನನ್ನ ಗೆಳತಿ 14ರಲ್ಲಿ ಕೂತು ಪ್ರಾಜೆಕ್ಟ್ ರಿಪೋರ್ಟ್ ಮುಗಿಸ್ತಿದ್ಳು. ಐವತ್ತು ಕಿರಾಣಿ ಅಂಗಡಿಗೆ ಹೋಗಿ, ಯುಪಿಐ ಬಂದಮೇಲೆ ಸಾಲದ ಪುಸ್ತಕ ಏನಾಯ್ತು ಅಂತ ಕೇಳಿ ಬರೆದ ರಿಪೋರ್ಟ್ ಅದು. ಮನೇಲಿ ಕಂಪ್ಯೂಟರ್ ಇಲ್ಲ, ಎಲ್ಲಾ ಅದೇ ಸಿಸ್ಟಮ್‌ನ ಡೆಸ್ಕ್‌ಟಾಪ್ ಮೇಲೇ ಇತ್ತು. ಸೇವ್ ಒತ್ತಿದ್ಳು, ಅದೇ ಹೊತ್ತಿಗೆ ಸ್ಕ್ರೀನ್ ಕಪ್ಪಾಯ್ತು. ಮತ್ತೆ ಆನ್ ಮಾಡಿದಾಗ ಫೈಲ್ ಇತ್ತು, ಓಪನ್ ಆಗ್ಲಿಲ್ಲ.

ಪ್ರಶ್ನಾವಳಿ ಕಾಗದಗಳು ಉಳಿದಿದ್ವು ಅನ್ನೋದೊಂದೇ ಪುಣ್ಯ. ನಾಲ್ಕು ರಾತ್ರಿ ಕೂತು ಮತ್ತೆ ಬರೆದ್ಳು. ಎರಡು ದಿನ ತಡವಾಯ್ತು, ಇಂಟರ್ನಲ್ ಮಾರ್ಕ್ಸ್ ಕಟ್ ಆಯ್ತು. ಜೊತೆಗೆ ಒಂದು ಮಾತು ಬೇರೆ: "ಏನೇನೋ ಪೆನ್‌ಡ್ರೈವ್ ಹಾಕಿ ಸಿಸ್ಟಮ್ ಹಾಳು ಮಾಡೋರು ನೀವೇ."

ಆ ಮಾತಿಗೆ ನಾನು ಇಷ್ಟು ಉದ್ದ ಬರೀತಿರೋದು.

3/10

ಹೌದು, ಒಂದು ಚಿಕ್ಕ ಫ್ಯಾನ್‌ಗೆ ಇಷ್ಟೊಂದು ಮಹತ್ವ ಯಾಕೆ?

ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರ್ ಮೇಲೆ ಸುಮಾರು 65 ವ್ಯಾಟ್ ಅಂತ ಇರುತ್ತೆ. ನಮ್ಮ ಅಜ್ಜಿ ಮನೆಯ ಹಳೇ 60 ವ್ಯಾಟ್ ಬಲ್ಬ್ ನೆನಪಿದ್ಯಾ? ಅದು ಉರೀತಿರೋವಾಗ ಮುಟ್ಟೋಕೆ ಆಗ್ತಿತ್ತಾ? ಆ ಬಲ್ಬಿನಷ್ಟೇ ಬಿಸಿ, ಆದ್ರೆ ಹುಟ್ಟೋ ಜಾಗ ಉಗುರಿನಗಲ. ಮಷೀನು ಪೂರ್ತಿ ದುಡಿಯೋವಾಗ ಅಷ್ಟು ಬಿಸಿ ಅಲ್ಲಿಂದ ಪ್ರತಿ ಕ್ಷಣ ಹೊರಗೆ ಹೋಗ್ತಾ ಇರ್ಬೇಕು.

ಹೋಗೋ ದಾರಿ ಹೀಗೆ. ಪ್ರೊಸೆಸರ್ ಮೇಲೆ ತೆಳ್ಳಗೆ ಥರ್ಮಲ್ ಪೇಸ್ಟ್. ಅದರ ಮೇಲೆ ಅಲ್ಯೂಮಿನಿಯಂ ಹೀಟ್‌ಸಿಂಕ್, ಬಾಚಣಿಗೆ ಹಲ್ಲಿನ ಥರ ಪಟ್ಟಿ ಪಟ್ಟಿ ಇರುತ್ತಲ್ಲ ಅದು. ಅದರ ಮೇಲೆ ಫ್ಯಾನ್. ಪೇಸ್ಟ್ ಬಿಸಿ ದಾಟಿಸುತ್ತೆ, ಹೀಟ್‌ಸಿಂಕ್ ಹರಡುತ್ತೆ, ಫ್ಯಾನ್ ಗಾಳಿಯಲ್ಲಿ ತೂರಿಬಿಡುತ್ತೆ. ಕ್ಯಾಬಿನೆಟ್ ಹಿಂದಿನ ಫ್ಯಾನ್ ಆ ಗಾಳೀನ ಹೊರಗೆ ದಬ್ಬುತ್ತೆ. ಮೂರು ಜನ ಇಟ್ಟಿಗೆ ಕೈ ಬದಲಾಯಿಸೋ ಥರ. ಕೊನೆಯವನು ಕೂತ್ಕೊಂಡ್ರೆ ಮುಂದಿನವರ ಕೈಯಲ್ಲೇ ಇಟ್ಟಿಗೆ ರಾಶಿ.

ಇನ್ನೊಂದು ವಿಷಯ. ಫ್ಯಾನ್ ತಂಪು ಮಾಡಲ್ಲ, ಬಿಸಿ ಸಾಗಿಸುತ್ತೆ ಅಷ್ಟೇ. ರೂಮು 41 ಇದ್ರೆ ಎಂಥ ಫ್ಯಾನ್ ಹಾಕಿದ್ರೂ ಪ್ರೊಸೆಸರ್ 41ಕ್ಕಿಂತ ಮೇಲೇ ಇರುತ್ತೆ. ಬೆಂಗಳೂರಲ್ಲಿ 27 ಡಿಗ್ರಿ ರೂಮಲ್ಲಿ ಅರ್ಧ ಧೂಳು ತುಂಬಿದ ಫ್ಯಾನ್ ಹೇಗೋ ದಿನ ದೂಡುತ್ತೆ. ನಮ್ಮಲ್ಲಿ ಆ ರಿಯಾಯಿತಿ ಇಲ್ಲ. ಅಲ್ಲಿಗಿಂತ ಇಲ್ಲಿ ಹದಿನಾಲ್ಕು ಡಿಗ್ರಿ ಮೊದಲೇ ಖರ್ಚಾಗಿರುತ್ತೆ.

ಶಕ್ತಿನಗರದ ಥರ್ಮಲ್ ಪ್ಲಾಂಟ್‌ನ ಕೃಷ್ಣಾ ದಂಡೆಯಲ್ಲಿ ಯಾಕೆ ಕಟ್ಟಿದ್ರು ಅಂತ ಯೋಚಿಸಿ. ಅಷ್ಟು ಬಿಸಿ ಸಾಗಿಸೋಕೆ ಹೊಳೆಯ ನೀರೇ ಬೇಕು. 1,720 ಮೆಗಾವ್ಯಾಟ್ ಪ್ಲಾಂಟ್‌ಗೂ 65 ವ್ಯಾಟ್ ಚಿಪ್‌ಗೂ ಪಾಠ ಒಂದೇ: ಬಿಸಿ ಹೋಗೋ ದಾರಿ ಮುಚ್ಚಿದ್ರೆ ಕೆಲಸಾನೂ ನಿಲ್ಲುತ್ತೆ.

4/10

"ಸಿಸ್ಟಮ್ ಸ್ಲೋ ಆಗಿದೆ, ವೈರಸ್ ಇರ್ಬೇಕು."

ನಮ್ಮ ಲ್ಯಾಬಲ್ಲಿ ಅತಿ ಹೆಚ್ಚು ಸಲ ಕೇಳಿದ ಮಾತು. 14ನ್ನ ಈ ಸೆಮ್‌ನಲ್ಲಿ ಮೂರು ಸಲ ಫಾರ್ಮ್ಯಾಟ್ ಮಾಡಿದ್ರು. ಪ್ರತಿ ಸಲ ಬೆಳಗ್ಗೆ ಅರ್ಧ ಗಂಟೆ ಚೆನ್ನಾಗಿ ಓಡಿ, ಆಮೇಲೆ ಎಮ್ಮೆ ನಡಿಗೆ. ವೈರಸ್ ಏನು ಬೆಳಗ್ಗೆ ಹತ್ತೂವರೆಗೆ ಡ್ಯೂಟಿಗೆ ಬರುತ್ತಾ?

ನಿಜ ಕಾರಣ ಇದು. ಈಗಿನ ಪ್ರೊಸೆಸರ್‌ಗಳಿಗೆ ಒಂದು ಮಿತಿ ಇಟ್ಟಿರ್ತಾರೆ, ಮಾಡೆಲ್ ನೋಡಿ ಸುಮಾರು 95ರಿಂದ 100 ಡಿಗ್ರಿ ಸೆಲ್ಸಿಯಸ್. ಅದರ ಹತ್ರ ಹೋದಾಗ ಅದು ತನ್ನ ವೇಗ ತಾನೇ ಇಳಿಸಿಕೊಳ್ಳುತ್ತೆ. ಥ್ರಾಟ್ಲಿಂಗ್ ಅಂತಾರೆ. ಅಷ್ಟಾದ್ರೂ ಬಿಸಿ ಏರ್ತಾನೇ ಇದ್ರೆ ಆಫ್ ಆಗುತ್ತೆ. ಅಂದ್ರೆ ಆ ಸ್ಲೋ ಅನ್ನೋದು ರೋಗ ಅಲ್ಲ, ಜ್ವರ ಬಂದೋರು ಮೆಲ್ಲಗೆ ನಡೀತಾರಲ್ಲ ಹಾಗೆ.

ಇದು ಮೊದಲಿಂದ ಎಲ್ಲ ಚಿಪ್‌ಗೂ ಇರ್ಲಿಲ್ಲ. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್‌ನವರು ಓಡ್ತಿರೋ ಕಂಪ್ಯೂಟರ್‌ಗಳ ಹೀಟ್‌ಸಿಂಕ್‌ನ ಹಾಗೇ ಎತ್ತಿ ತೆಗೆದು ವಿಡಿಯೋ ಮಾಡಿದ್ರು. ಪೆಂಟಿಯಂ 4 ತೆವಳ್ತಾ ಆದ್ರೂ ಗೇಮ್ ಓಡಿಸ್ತಾನೇ ಇತ್ತು. ಆ ಕಾಲದ ಅಥ್ಲಾನ್ ಸುಟ್ಟೇ ಹೋಯ್ತು. ನಮ್ಮಲ್ಲಿ ಎಷ್ಟೋ ಜನ ಹುಟ್ಟೋ ಮುಂಚೆನೇ ಜಗತ್ತಿಗೆ ಗೊತ್ತಾದ ವಿಷಯ ಇದು.

ನೀವೇ ಪರೀಕ್ಷೆ ಮಾಡ್ಬಹುದು. ಸಿಸ್ಟಮ್ ಸ್ಲೋ ಆದಾಗ ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್ ಟ್ಯಾಬ್‌ನಲ್ಲಿ ಸಿಪಿಯು ಸ್ಪೀಡ್ ನೋಡಿ. 3 ಗಿಗಾಹರ್ಟ್ಸ್‌ನ ಪ್ರೊಸೆಸರ್ ಕೆಲಸದ ಮಧ್ಯೆ 1ಕ್ಕಿಂತ ಕೆಳಗೆ ಬಿದ್ದಿದ್ರೆ, ಆ್ಯಂಟಿವೈರಸ್ ಹುಡುಕೋ ಮುಂಚೆ ಫ್ಯಾನ್ ನೋಡಿ. ಬಯೋಸ್‌ನ ಹಾರ್ಡ್‌ವೇರ್ ಮಾನಿಟರ್ ಪುಟದಲ್ಲಿ ಫ್ಯಾನ್ ಸುತ್ತುಗಳ ಸಂಖ್ಯೆ ಮತ್ತು ಟೆಂಪರೇಚರ್ ಎರಡೂ ಬರುತ್ತೆ. ಅಲ್ಲಿ ಸೊನ್ನೆ ಇದ್ರೆ ಉತ್ತರ ಸಿಕ್ತು.

"ಪ್ರೊಸೆಸರ್ ತನ್ನನ್ನ ತಾನೇ ಕಾಪಾಡ್ಕೊಳ್ಳುತ್ತಲ್ಲ, ಚಿಂತೆ ಯಾಕೆ?" ಪ್ರೊಸೆಸರ್ ಉಳಿಯುತ್ತೆ ಸರಿ. ಅದರ ಪಕ್ಕದಲ್ಲಿರೋ ಕೆಪಾಸಿಟರ್‌ಗಳು? ಇಂಜಿನಿಯರ್‌ಗಳ ಒಂದು ಅಂದಾಜು ಲೆಕ್ಕ ಇದೆ: ಬಿಸಿ 10 ಡಿಗ್ರಿ ಏರಿದ್ರೆ ಅವುಗಳ ಆಯಸ್ಸು ಅರ್ಧ. ಮತ್ತೆ ಅರ್ಧ ಬರೆದ ಫೈಲ್? ಅದನ್ನ ನನ್ನ ಗೆಳತೀನ ಕೇಳಿ.

5/10

ಈ ಫೋಟೋ ನೋಡಿ ನೀವು ನಗ್ತೀರಿ ಅಂತ ಗೊತ್ತು. ಕ್ಯಾಬಿನೆಟ್ ಬಾಗಿಲು ತೆಗೆದು, ಎದುರು ಸ್ಟೂಲ್ ಮೇಲೆ ಟೇಬಲ್ ಫ್ಯಾನ್. ನಮ್ಮೂರಿನ ಅರ್ಧ ಸೈಬರ್ ಸೆಂಟರ್‌ಗಳಲ್ಲಿ ಇದೇ ದೃಶ್ಯ.

ನಾನು ಟೇಬಲ್ ಫ್ಯಾನ್ ವಿರೋಧಿ ಅಲ್ಲ. ಹೀಟ್‌ಸಿಂಕ್ ಗಟ್ಟಿಯಾಗಿ ಕೂತಿದ್ರೆ, ಪಕ್ಕದಿಂದ ಜೋರಾಗಿ ಗಾಳಿ ಹೊಡೆದ್ರೆ, ಸತ್ತ ಫ್ಯಾನ್‌ನ ಕೆಲಸ ಸ್ವಲ್ಪ ಮಟ್ಟಿಗೆ ಆಗುತ್ತೆ. ಇಪ್ಪತ್ತನೇ ತಾರೀಕು, ಜಿಎಸ್‌ಟಿಆರ್-3ಬಿ ಕಟ್ಟೋ ಕೊನೇ ದಿನ, ಸಂಜೆ ಐದಕ್ಕೆ ಫ್ಯಾನ್ ನಿಂತ್ರೆ ಏನ್ ಮಾಡ್ತೀರಿ? ತಡವಾದ್ರೆ ದಿನಕ್ಕೆ 50 ರೂಪಾಯಿ ಲೇಟ್ ಫೀ. ಟೇಬಲ್ ಫ್ಯಾನ್ ಇಟ್ಟು ರಿಟರ್ನ್ ಫೈಲ್ ಮಾಡಿ, ಬ್ಯಾಕಪ್ ತಗೊಳ್ಳಿ, ಆಫ್ ಮಾಡಿ. ಅದು ಬುದ್ಧಿವಂತಿಕೆ.

ಅದೇ ಟೇಬಲ್ ಫ್ಯಾನ್ ಮುಂದಿನ ಇಪ್ಪತ್ತನೇ ತಾರೀಕೂ ಅಲ್ಲೇ ಇದ್ರೆ ಅದು ಸೋಮಾರಿತನ. ಯಾಕಂದ್ರೆ:

ಬಾಗಿಲು ತೆಗೆದ ಕ್ಯಾಬಿನೆಟ್‌ಗೆ ಟೇಬಲ್ ಫ್ಯಾನ್ ಗಾಳಿ ಜೊತೆ ರೂಮಿನ ಧೂಳನ್ನೂ ತುಂಬುತ್ತೆ. ಇವತ್ತು ಕಾಪಾಡಿದ್ದೇ ನಾಳೆ ಮುಚ್ಚುತ್ತೆ.

ಕರೆಂಟ್ ಹೋದ್ರೆ ಕಂಪ್ಯೂಟರ್ ಯುಪಿಎಸ್ ಮೇಲೆ ಓಡ್ತಾನೇ ಇರುತ್ತೆ, ಟೇಬಲ್ ಫ್ಯಾನ್ ನಿಲ್ಲುತ್ತೆ. ನಮ್ಮಲ್ಲಿ ಕರೆಂಟ್ ಹೋಗೋದು ಯಾವಾಗ? ಬಿಸಿಲು ಜಾಸ್ತಿ ಇದ್ದಾಗಲೇ.

ಯಾರಿಗೋ ಸೆಖೆ ಆಗುತ್ತೆ, ಫ್ಯಾನ್ ತಮ್ಮ ಕಡೆ ತಿರುಗಿಸ್ಕೋತಾರೆ. ಇದು ಜೋಕ್ ಅಲ್ಲ, ನಮ್ಮ ಲ್ಯಾಬಲ್ಲಿ ಎರಡು ಸಲ ಆಗಿದೆ.

ಇನ್ನು ಏರ್ ಕೂಲರ್. ದಯವಿಟ್ಟು ಬೇಡ. ಕೂಲರ್ ಗಾಳಿ ತಂಪಾಗೋದೇ ನೀರು ಆವಿಯಾಗೋದ್ರಿಂದ. ತೆರೆದ ಮದರ್‌ಬೋರ್ಡ್ ಮುಂದೆ ಅದನ್ನಿಟ್ರೆ ತೇವದ ಗಾಳಿ, ಕೆಲವೊಮ್ಮೆ ಸಣ್ಣ ಹನಿಗಳೂ ನೇರ ಒಳಗೆ. ನಮ್ಮ ಬೋರ್‌ವೆಲ್ ನೀರು ಕೂಲರ್ ಹುಲ್ಲಿನ ಮೇಲೆ ಬಿಳಿ ಉಪ್ಪು ಕಟ್ಟೋದು ನೋಡಿದ್ದೀರಲ್ಲ? ಅದೇ ಉಪ್ಪು ನಿಮ್ಮ ಬೋರ್ಡ್ ಮೇಲೂ.

6/10

ಇದನ್ನ ಸೇವ್ ಮಾಡಿಟ್ಕೊಳ್ಳಿ. ಡೆಸ್ಕ್‌ಟಾಪ್ ಫ್ಯಾನ್ ನಿಂತಿದೆ ಅಂತ ಅನುಮಾನ ಬಂದ ದಿನ ಮಾಡ್ಬೇಕಾದ್ದು:

ಒಂದು. ಮಾಡ್ತಿರೋ ಕೆಲಸ ಸೇವ್ ಮಾಡಿ. ಮುಖ್ಯ ಫೈಲ್‌ಗಳನ್ನ ಪೆನ್‌ಡ್ರೈವ್‌ಗೋ ಡ್ರೈವ್‌ಗೋ ಹಾಕಿ. ಟ್ಯಾಲಿ ಇದ್ರೆ ಕಂಪನಿ ಬ್ಯಾಕಪ್. ಉಳಿದಿದ್ದೆಲ್ಲ ಆಮೇಲೆ.

ಎರಡು. ಶಟ್‌ಡೌನ್ ಮಾಡಿ. ಸ್ವಿಚ್ ಆಫ್, ವೈರ್ ಕೀಳಿ. ಕಾಲು ಗಂಟೆ ಬಿಡಿ, ಹೀಟ್‌ಸಿಂಕ್ ಕೈ ಸುಡುತ್ತೆ.

ಮೂರು. ಪಕ್ಕದ ಬಾಗಿಲು ಬಿಚ್ಚಿ. ಬೋರ್ಡ್ ಮುಟ್ಟೋ ಮುಂಚೆ ಕ್ಯಾಬಿನೆಟ್‌ನ ಬಣ್ಣ ಇಲ್ಲದ ಲೋಹದ ಭಾಗ ಮುಟ್ಟಿ, ಮೈಯಲ್ಲಿರೋ ಸ್ಟ್ಯಾಟಿಕ್ ಹೋಗ್ಲಿ.

ನಾಲ್ಕು. ಮೊಬೈಲ್ ಟಾರ್ಚ್ ಹಾಕಿ ನೋಡಿ. ಎಷ್ಟೋ ಸಲ ಫ್ಯಾನ್ ಸತ್ತಿರೋದೇ ಇಲ್ಲ. ಒಂದು ವೈರ್ ರೆಕ್ಕೆಗೆ ಸಿಕ್ಕಿರುತ್ತೆ, ಇಲ್ಲಾ ಪಿನ್ ಕಳಚಿರುತ್ತೆ, ಇಲ್ಲಾ ಧೂಳು ಹತ್ತಿ ಥರ ಕಟ್ಟಿರುತ್ತೆ.

ಐದು. ಒಣ ಪೇಂಟ್ ಬ್ರಷ್‌ನಿಂದ ಧೂಳು ಬಿಡಿಸಿ. ಬ್ಲೋವರ್ ಹೊಡೆಯೋದಾದ್ರೆ ರೆಕ್ಕೆ ಬೆರಳಲ್ಲಿ ಹಿಡ್ಕೊಳ್ಳಿ. ಗಾಳಿಗೆ ಅದು ಬುಗುರಿ ಥರ ತಿರುಗೋದು ನೋಡೋಕೆ ಮಜಾ, ಆದ್ರೆ ಬೇರಿಂಗ್ ಹೋಗುತ್ತೆ.

ಆರು. ಬೆರಳಲ್ಲಿ ಮೆಲ್ಲಗೆ ತಿರುಗಿಸಿ. ಸರಾಗ ತಿರುಗಿದ್ರೆ ಬದುಕೋ ಆಸೆ ಇದೆ. ಒರಟಾಗಿ ಕಿರ್ ಅಂದ್ರೆ, ಅಲ್ಲಾಡಿದ್ರೆ, ಬದಲಾಯಿಸಿ. ಮಷೀನ್ ಹಚ್ಚಿದಾಗ ಮೂರು ಅಥವಾ ನಾಲ್ಕು ಪಿನ್ನಿನ ವೈರ್ ಮದರ್‌ಬೋರ್ಡಲ್ಲಿ "ಸಿಪಿಯು ಫ್ಯಾನ್" ಅಂತ ಬರೆದ ಜಾಗದಲ್ಲೇ ಇರ್ಬೇಕು.

ಹೊಸ ಫ್ಯಾನ್ ಬರೋವರೆಗೂ ಆಫ್ ಇಡೋದೇ ಒಳ್ಳೇದು. ಇದರಲ್ಲಿ ನಾಚಿಕೆ ಏನಿಲ್ಲ. 2022ರ ಜುಲೈ 19ರಂದು ಇಂಗ್ಲೆಂಡ್‌ನಲ್ಲಿ ಮೊದಲ ಸಲ 40 ಡಿಗ್ರಿ ದಾಟಿತು. ಲಂಡನ್‌ನಲ್ಲಿ ಗೂಗಲ್, ಒರಾಕಲ್‌ನಂಥವರ ಡೇಟಾ ಸೆಂಟರ್‌ಗಳಲ್ಲೇ ಕೂಲಿಂಗ್ ಕೈಕೊಟ್ಟಿತು. ಮಷೀನು ಹಾಳಾಗ್ಬಾರ್ದು ಅಂತ ಗೂಗಲ್ ತನ್ನ ಒಂದಷ್ಟು ಮಷೀನುಗಳನ್ನ ತಾನೇ ಆಫ್ ಮಾಡಿತು. ಅಷ್ಟು ದೊಡ್ಡ ಕಂಪನಿ ಆಫ್ ಮಾಡುತ್ತೆ, ನಾವು ಎಫ್‌1 ಒತ್ತುತ್ತೀವಿ. ಅವರಿಗೆ 40 ಅನ್ನೋದು ದಾಖಲೆ. ನಮಗೆ ಅದು ಏಪ್ರಿಲ್.

7/10

ಮಾಡ್ಬಾರದ್ದು. ಇದು ಹೆಚ್ಚು ಮುಖ್ಯ, ಯಾಕಂದ್ರೆ ನಮ್ಮಲ್ಲಿ ಎಲ್ಲರೂ ಎಲ್ಲದಕ್ಕೂ ಒಂದು ಮನೆಮದ್ದು ಇಟ್ಕೊಂಡಿರ್ತಾರೆ.

ಕೊಬ್ಬರಿ ಎಣ್ಣೆ. ಫ್ಯಾನ್ ಸ್ಟಿಕರ್ ಕಿತ್ತು ಒಂದು ಹನಿ ಬಿಡೋ ಪಂಡಿತರಿದ್ದಾರೆ. ಎರಡು ದಿನ ಸದ್ದಿಲ್ಲದೆ ತಿರುಗುತ್ತೆ. ಆಮೇಲೆ ಎಣ್ಣೆಗೆ ಧೂಳು ಕೂಡಿ ಜಿಡ್ಡು. ಹೊಲಿಗೆ ಮಷೀನ್ ಎಣ್ಣೆ ಸ್ವಲ್ಪ ವಾಸಿ, ಅದೂ ಹೊಸ ಫ್ಯಾನ್ ಬರೋವರೆಗೆ ಮಾತ್ರ. ಸವೆದ ಬೇರಿಂಗ್ ಎಣ್ಣೆಯಿಂದ ಬೆಳೆಯಲ್ಲ.

ಒದ್ದೆ ಬಟ್ಟೆ, ಐಸ್. ಇದನ್ನೂ ನೋಡಿದ್ದೀನಿ, ಕ್ಯಾಬಿನೆಟ್ ಮೇಲೆ ಒದ್ದೆ ಟವೆಲ್. ತಗಡಿಗೆ ತಂಪಾಗುತ್ತೆ, ಒಳಗಿನ ಚಿಪ್‌ಗೆ ಅದರ ಸುದ್ದಿನೂ ಹೋಗಲ್ಲ. ನೀರು ಮಾತ್ರ ಹೋಗುತ್ತೆ.

ಫ್ರಿಜ್. ಬಿಸಿಯಾದ ಲ್ಯಾಪ್‌ಟಾಪ್‌ನ ಹತ್ತು ನಿಮಿಷ ಫ್ರಿಜ್‌ನಲ್ಲಿಡೋ ರೀಲ್ ನೋಡಿ ನಂಬಿದವರಿಗೆ: ಹೊರಗೆ ತೆಗೆದ ತಕ್ಷಣ ತಣ್ಣನೆ ನೀರಿನ ಬಾಟಲಿ ಬೆವರುತ್ತಲ್ಲ, ಲ್ಯಾಪ್‌ಟಾಪ್ ಒಳಗೂ ಹಾಗೇ ಬೆವರುತ್ತೆ.

ಹೀಟ್‌ಸಿಂಕ್ ಎತ್ತಿ ಮತ್ತೆ ಹಾಗೇ ಕೂರಿಸೋದು. ಎತ್ತಿದ್ರೆ ಹಳೇ ಪೇಸ್ಟ್ ಒರೆಸಿ, ಹೊಸ ಪೇಸ್ಟ್ ಕಡಲೆಕಾಳಿನಷ್ಟು ಹಾಕಲೇಬೇಕು. ಒಣಗಿದ ಪೇಸ್ಟ್ ಮೇಲೆ ಕೂರಿಸಿದ್ರೆ ಹೊಸ ಫ್ಯಾನ್ ಇದ್ರೂ ಬಿಸಿ ದಾಟಲ್ಲ. ಟೂತ್‌ಪೇಸ್ಟ್ ಬಗ್ಗೆ ಕಾಮೆಂಟಲ್ಲಿ ಕೇಳ್ಬೇಡಿ ಪ್ಲೀಸ್.

ಎಸ್‌ಎಂಪಿಎಸ್ ಬಿಚ್ಚೋದು. ಇದನ್ನ ತಮಾಷೆ ಮಾಡದೆ ಹೇಳ್ತೀನಿ. ಕರೆಂಟ್ ವೈರ್ ಬರೋ ಆ ತಗಡಿನ ಡಬ್ಬಿಯಲ್ಲೂ ಒಂದು ಫ್ಯಾನ್ ಇದೆ. ಅದು ನಿಂತ್ರೆ ಸುಟ್ಟ ವಾಸನೆ ಬರುತ್ತೆ, ಮಷೀನು ಆಫ್ ಆಗುತ್ತೆ. ಆ ಡಬ್ಬಿ ನೀವು ಬಿಚ್ಚಬೇಡಿ. ನಮ್ಮ 230 ವೋಲ್ಟ್ ಅದರೊಳಗೆ ಸುಮಾರು 325 ವೋಲ್ಟ್ ಡಿಸಿ ಆಗಿ ಕೆಪಾಸಿಟರ್‌ನಲ್ಲಿ ಕೂತಿರುತ್ತೆ, ವೈರ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರ್ಬಹುದು. ಪೂರ್ತಿ ಡಬ್ಬಿ ಬದಲಾಯಿಸಿ, ಇಲ್ಲಾ ಗೊತ್ತಿರೋರ ಕೈಗೆ ಕೊಡಿ. ಒಂದು ಫ್ಯಾನ್‌ಗಾಗಿ ಯಾರ ಜೀವಾನೂ ಹೋಗ್ಬಾರ್ದು.

8/10

"ನಮ್ಮ ಹತ್ರ ಲ್ಯಾಪ್‌ಟಾಪ್ ಇದೆ, ಇದು ನಮಗಲ್ಲ" ಅಂತ ಸ್ವೈಪ್ ಮಾಡ್ತಿರೋರೇ, ನಿಲ್ಲಿ.

ಎಷ್ಟೋ ಲ್ಯಾಪ್‌ಟಾಪ್‌ಗಳು ಡೆಸ್ಕ್‌ಟಾಪ್‌ನಷ್ಟು ಬಾಯಿಬಿಟ್ಟು ಹೇಳಲ್ಲ. ಸುಮ್ಮನೆ ಬಿಸಿಯಾಗುತ್ತೆ, ಸ್ಲೋ ಆಗುತ್ತೆ, ಒಂದಿನ ಆನ್‌ಲೈನ್ ಟೆಸ್ಟ್ ಮಧ್ಯೆ ಆಫ್ ಆಗುತ್ತೆ. ಗುರುತು ನೀವೇ ಹಿಡೀಬೇಕು. ಬಿಸಿಯಾದಾಗ ಬರ್ತಿದ್ದ ಸುಯ್ ಅನ್ನೋ ಸದ್ದು ನಿಂತಿದ್ರೆ, ಪಕ್ಕದ ಜಾಲರಿ ಹತ್ರ ಕೈಯಿಟ್ರೆ ಬಿಸಿ ಗಾಳಿ ಬರ್ತಿಲ್ಲ ಅಂದ್ರೆ, ಅದು ಶಾಂತವಾಗಿಲ್ಲ. ಉಸಿರು ಕಟ್ಟಿದೆ.

ಹಾಸಿಗೆ ಮೇಲೆ, ದಿಂಬಿನ ಮೇಲೆ ಇಟ್ಕೊಂಡು ಸಿನಿಮಾ ನೋಡೋದು ಬಿಡಿ. ಬಹಳಷ್ಟು ಲ್ಯಾಪ್‌ಟಾಪ್‌ಗಳು ಅಡಿಯಿಂದಲೇ ಗಾಳಿ ಎಳ್ಕೋತವೆ. ದಿಂಬು ಅಂದ್ರೆ ಮೂಗಿಗೆ ಬಟ್ಟೆ ಒತ್ತಿದ ಹಾಗೆ. ಹಿಂದಿನ ಎರಡು ಮೂಲೆಗೆ ಎರಡು ಬಾಟಲಿ ಮುಚ್ಚಳ ಇಟ್ರೂ ಸಾಕು, ಅಡಿಯಲ್ಲಿ ಗಾಳಿ ಆಡುತ್ತೆ.

ಕೂಲಿಂಗ್ ಪ್ಯಾಡ್ ಬಗ್ಗೆ. ಒಳಗಿನ ಫ್ಯಾನ್ ಚೆನ್ನಾಗಿದ್ರೆ ಪ್ಯಾಡ್ ಸಹಾಯ ಮಾಡುತ್ತೆ. ಒಳಗಿನ ಫ್ಯಾನ್ ಸತ್ತಿದ್ರೆ ಪ್ಯಾಡ್ ಹೊರಗಿನ ಪ್ಲಾಸ್ಟಿಕ್‌ಗೆ ಗಾಳಿ ಹಾಕ್ತಾ ಕೂರುತ್ತೆ. ಲ್ಯಾಪ್‌ಟಾಪ್‌ನಲ್ಲಿ ಬಿಸಿ ತಾಮ್ರದ ಕೊಳವೆಯಲ್ಲಿ ಹೋಗಿ ಫ್ಯಾನ್ ಹತ್ರ ಇರೋ ಸಣ್ಣ ಜಾಲರಿಗೆ ಬರುತ್ತೆ. ಅಲ್ಲಿ ಗಾಳಿ ಬೀಸೋರು ಇಲ್ಲದಿದ್ರೆ ಹೊರಗೆ ಯಾರು ಬೀಸಿದ್ರೂ ಅಷ್ಟಕ್ಕಷ್ಟೇ.

ಫ್ಯಾನ್ ಬದಲಾಯಿಸೋವರೆಗೂ ತೀರಾ ಬೇಕಾದ್ರೆ: ಕಂಟ್ರೋಲ್ ಪ್ಯಾನಲ್‌ನ ಪವರ್ ಆಪ್ಷನ್ಸ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಮಿತಿ 50 ಪರ್ಸೆಂಟ್‌ಗೆ ಇಳಿಸಿ, ಬ್ರೌಸರ್ ಟ್ಯಾಬ್ ಎರಡೇ ಇಡಿ, ಬೆಳಗಿನ ತಂಪಲ್ಲಿ ಕೆಲಸ ಮಾಡಿ, ಫೈಲ್ ಎಲ್ಲ ಬೇರೆ ಕಡೆ ಹಾಕಿ. ಎಲ್ಲ ಮಾಡೆಲ್‌ನಲ್ಲೂ ಆ ಆಪ್ಷನ್ ಕಾಣಲ್ಲ, ಕಾಣದಿದ್ರೆ ಬ್ಯಾಟರಿ ಸೇವರ್ ಹಾಕಿ. ಗೇಮ್ ಅಂತೂ ಬೇಡ.

ಅಂಗಡಿಯಲ್ಲಿ "ಮದರ್‌ಬೋರ್ಡ್ ಹೋಗಿದೆ" ಅಂದ ತಕ್ಷಣ ತಲೆ ಆಡಿಸ್ಬೇಡಿ. "ಅಣ್ಣ, ಮೊದಲು ಫ್ಯಾನ್ ನೋಡಿ, ನನ್ನ ಮುಂದೆ ಬಿಚ್ಚಿ" ಅನ್ನಿ. ಹುಡುಗೀರಿಗೆ ಇದನ್ನ ಎರಡು ಸಲ ಹೇಳ್ತೀನಿ. ನಮ್ಮ ಮುಂದೆ ಬಿಚ್ಚೋಕೆ ಅವರಿಗೆ ಯಾವಾಗಲೂ "ಟೈಮ್ ಇರಲ್ಲ".

9/10

ಈಗ ಬಿಕಾಂಗೆ ಬರೋಣ. ಲೆಕ್ಕ ಮಾಡೋಣ.

ಕಂಡಮ್ ಚೀಟಿ ಅಂಟಿಸಿದ ಮೇಲೆ, ಲ್ಯಾಬ್ ಅಣ್ಣನ ಒಪ್ಪಿಗೆ ತಗೊಂಡು, ಅವರ ಎದುರೇ, 14ನ್ನ ಬಿಚ್ಚಿದ್ವಿ. ಫ್ಯಾನ್ ಕೈಯಲ್ಲಿ ತಿರುಗಿಸಿದ್ರೂ ತಿರುಗ್ತಿರ್ಲಿಲ್ಲ, ಹೀಟ್‌ಸಿಂಕ್ ಸಂದಿನಲ್ಲಿ ಬೂದು ಕಂಬಳಿ. ಬಸ್ ಸ್ಟ್ಯಾಂಡ್ ಹತ್ರ ಹೀಟ್‌ಸಿಂಕ್ ಸಮೇತ ಫ್ಯಾನ್ ತಂದ್ವಿ, 350 ರೂಪಾಯಿ. ನಾವು ಐದು ಜನ, ತಲೆಗೆ 70. ಅರ್ಧ ಗಂಟೆ ಕೆಲಸ. ಆನ್ ಆಯ್ತು. ಅವತ್ತಿನಿಂದ ಒಂಬತ್ತು ದಿನ ಆಯ್ತು, ಒಂದ್ಸಲಾನೂ ಆಫ್ ಆಗಿಲ್ಲ. ಚೀಟಿ ಇನ್ನೂ ಹಾಗೇ ಇದೆ.

ಆರಕ್ಕೂ ಇದೇ ಕಾಯಿಲೆ ಅಂದ್ಕೊಂಡ್ರೆ 2,100 ರೂಪಾಯಿ. ಮೂರೂ ವರ್ಷ ಸೇರಿ ನಾವು 180 ಜನ, ತಲೆಗೆ 500 ಅಂದ್ರೆ 90,000. ಉಳಿದ ಐದರಲ್ಲಿ ಎರಡು ನಿಜವಾಗಿ ಸತ್ತಿರ್ಬಹುದು, ಒಪ್ತೀನಿ. ಆದ್ರೆ ನೋಡದೆ ಹೇಗೆ ಗೊತ್ತಾಯ್ತು?

ನಮಗೆ ಮೊದಲ ಸೆಮ್‌ನಲ್ಲೇ ಹೇಳ್ಕೊಟ್ಟಿದ್ದು: ಇರೋ ಆಸ್ತೀನ ಕೆಲಸ ಮಾಡೋ ಸ್ಥಿತಿಯಲ್ಲಿ ಇಡೋ ಖರ್ಚು ರೆವಿನ್ಯೂ ಖರ್ಚು. ಹೊಸ ಆಸ್ತಿ ತರೋದು ಕ್ಯಾಪಿಟಲ್ ಖರ್ಚು. ಪರೀಕ್ಷೇಲಿ ಇದನ್ನ ಬರೆದು ಮಾರ್ಕ್ಸ್ ತಗೋತೀವಿ. ಅದೇ ಕಟ್ಟಡದಲ್ಲಿ 350ರ ರೆವಿನ್ಯೂ ಖರ್ಚು ಮಾಡದೆ, 40,000ದ ಕ್ಯಾಪಿಟಲ್ ಖರ್ಚಿಗೆ ದಾರಿ ಮಾಡ್ತಾರೆ.

"ಹಳೇ ಸಿಸ್ಟಮ್, ಹೆಂಗೂ ಡಿಪ್ರಿಸಿಯೇಟ್ ಆಗಿದೆ" ಅಂತಾರೆ. ಆದಾಯ ತೆರಿಗೆ ಲೆಕ್ಕದಲ್ಲಿ ಕಂಪ್ಯೂಟರ್‌ಗೆ ವರ್ಷಕ್ಕೆ 40 ಪರ್ಸೆಂಟ್ ಸವಕಳಿ. 40,000ದ್ದು ಮೂರು ವರ್ಷಕ್ಕೆ 8,640 ಆಗುತ್ತೆ. ಕಂಪನಿ ಕಾಯ್ದೆಯ ಎರಡನೇ ಶೆಡ್ಯೂಲ್‌ನಲ್ಲಿ ಡೆಸ್ಕ್‌ಟಾಪ್‌ನ ಬಾಳಿಕೆ ಮೂರು ವರ್ಷ. ಸರಿ. ಆದ್ರೆ ಅದು ಪುಸ್ತಕದ ಆಯಸ್ಸು. ಪುಸ್ತಕದಲ್ಲಿ ಬೆಲೆ ಇಳಿದಿದ್ದಕ್ಕೆ ಮೇಜಿನ ಮೇಲೆ ಮಷೀನು ಸಾಯಲ್ಲ. ಹಂಗಿದ್ರೆ ನಮ್ಮಪ್ಪನ ಹದಿನೈದು ವರ್ಷದ ಬೈಕ್ ಯಾವತ್ತೋ ಗುಜರಿಗೆ ಹೋಗ್ಬೇಕಿತ್ತು.

ಬಿಕಾಂ ಹುಡುಗಿಗೆ ಇದೆಲ್ಲ ಯಾಕೆ ಅಂದ್ರಲ್ಲ. ಇದಕ್ಕೇ.

10/10

ಲ್ಯಾಬ್ ಅಣ್ಣನ್ನ ಬೈಬೇಡಿ. ಮೊದಲ ಎರಡು ಪೋಸ್ಟ್ ಓದಿ ಯಾರೋ ಅವರನ್ನ ಟ್ಯಾಗ್ ಮಾಡೋಕೆ ಹೊರಟಿದ್ರು. ಅವರು ಜನವರಿಯಲ್ಲೇ ಆರು ಫ್ಯಾನ್ ಬೇಕು ಅಂತ ಬರೆದು ಕೊಟ್ಟಿದ್ರು, ನಾನು ಆ ಕಾಗದದ ಕಾಪಿ ನೋಡಿದ್ದೀನಿ. "ಒಟ್ಟಿಗೆ ನೋಡೋಣ" ಅಂತ ವಾಪಸ್ ಬಂತು. ಮೂರು ಲ್ಯಾಬ್, ಒಬ್ಬರೇ ಮನುಷ್ಯ, ಕೈಯಲ್ಲಿ ನೂರು ರೂಪಾಯಿ ಖರ್ಚು ಮಾಡೋ ಅಧಿಕಾರ ಇಲ್ಲ. ಅವರು ನನಗೆ ಎಫ್‌1 ಹೊಡಿ ಅಂದಿದ್ದು, ಅವರಿಗೆ ಮೇಲಿನಿಂದ ಯಾರೋ ಎಫ್‌1 ಹೊಡಿ ಅಂದಿದ್ದಕ್ಕೆ.

ಅದೇ ನನ್ನ ಜಗಳ. ಚಿಕ್ಕ ಎಚ್ಚರಿಕೆ ಬಂದಾಗ ಖರ್ಚು ಚಿಕ್ಕದಿರುತ್ತೆ, ಆಗ ಯಾರಿಗೂ ಪುರುಸೊತ್ತಿಲ್ಲ. ದೊಡ್ಡದಾದ ಮೇಲೆ ಬಿಲ್ಲು ನಮ್ಮ ಹೆಸರಿಗೆ, ತಪ್ಪೂ ನಮ್ಮ ಹೆಸರಿಗೆ.

ಸೋಮವಾರ ನಾವು ಒಂದು ಅರ್ಜಿ ಕೊಡ್ತಿದ್ದೀವಿ. ಕೂಗಾಟ ಇಲ್ಲ, ಘೋಷಣೆ ಇಲ್ಲ. ನಾಲ್ಕೇ ಮಾತು:

ಉಳಿದ ಐದೂ ಸಿಸ್ಟಮ್‌ಗಳನ್ನ ವಿದ್ಯಾರ್ಥಿಗಳ ಎದುರು ಬಿಚ್ಚಿ ನೋಡಿ, ಆಮೇಲೆ ಕಂಡಮ್ ಅನ್ನಿ. ಅಲ್ಲಿವರೆಗೂ 500 ರೂಪಾಯಿನ ಹಾಲ್ ಟಿಕೆಟ್‌ಗೆ ಕಟ್ಟಿಹಾಕ್ಬೇಡಿ.

ಲ್ಯಾಬಲ್ಲಿ ನಾಲ್ಕು ಸ್ಪೇರ್ ಫ್ಯಾನ್, ಎರಡು ಟ್ಯೂಬ್ ಪೇಸ್ಟ್, ಒಂದು ಬ್ರಷ್ ಇರ್ಲಿ. ಪ್ರತಿ ಸೆಮ್ ಶುರುವಿನಲ್ಲಿ ಒಂದು ದಿನ ಧೂಳು ತೆಗೆಯೋಣ, ನಾವೇ ಬರ್ತೀವಿ.

ಒಂದು ರಿಜಿಸ್ಟರ್ ಇಡಿ. ಯಾವ ಸಿಸ್ಟಮ್, ಯಾವ ದಿನ, ಏನು ಸಂದೇಶ ಬಂತು, ಯಾರು ಬರೆದ್ರು, ಏನು ಮಾಡಿದ್ರು.

ನನ್ನ ಗೆಳತಿಯ ಕಟ್ ಮಾಡಿದ ಮಾರ್ಕ್ಸ್ ವಾಪಸ್ ಕೊಡಿ.

ನಮ್ಮ ಆರನೇ ಸೆಮ್‌ನವರು ಇನ್ನೆರಡು ತಿಂಗಳಲ್ಲಿ ಹೊರಗೆ ಹೋಗ್ತೀವಿ. "ಹೋಗೋರಿಗೆ ಯಾಕೆ ಉಸಾಬರಿ" ಅಂತ ಒಬ್ಬರು ಡಿಎಂ ಮಾಡಿದ್ರು. ಜುಲೈನಲ್ಲಿ 14ರ ಮುಂದೆ ಯಾರೋ ಒಬ್ಬ ಜೂನಿಯರ್ ಕೂರ್ತಾಳೆ, ಅವಳ ಮನೇಲೂ ಕಂಪ್ಯೂಟರ್ ಇರಲ್ಲ. ಅದಕ್ಕೆ ಉಸಾಬರಿ.

ಕಾಮೆಂಟಲ್ಲಿ ಬೆಂಕಿ ಇಮೋಜಿ ಬೇಡ, ಈಗಾಗ್ಲೇ ಬೇಕಾದಷ್ಟು ಬಿಸಿ ಇದೆ. ಸೋಮವಾರ ಹತ್ತು ಗಂಟೆಗೆ ಲ್ಯಾಬ್ ಮುಂದೆ ಬನ್ನಿ, ಸಹಿ ಹಾಕಿ. ಬೇರೆ ಕಾಲೇಜಿನವರು ನಿಮ್ಮ ಲ್ಯಾಬಲ್ಲಿ ಆ ಕಪ್ಪು ಸ್ಕ್ರೀನ್ ಕಂಡ್ರೆ ಎಫ್‌1 ಒತ್ತೋ ಮುಂಚೆ ಒಂದು ಫೋಟೋ ತೆಗೆದು, ತಾರೀಕು ಬರೆದು, ಇಟ್ಕೊಳ್ಳಿ. ನನ್ನ ಹತ್ರ ಫೆಬ್ರವರಿಯ ಫೋಟೋ ಇದ್ದಿದ್ದಕ್ಕೇ ಈಗ "ನೀವೇ ಹಾಳು ಮಾಡಿದ್ದು" ಅನ್ನೋ ಮಾತಿಗೆ ಉತ್ತರ ಇದೆ.

#ಎಫ್‌1ಒತ್ತಬೇಡಿ #ಮೊದಲುಬಿಚ್ಚಿನೋಡಿ #ಬಿಕಾಂಹುಡುಗರು #ರಾಯಚೂರು